ಮೂರು ಸಲ ಅಲೈನ್‌ಮೆಂಟ್ ಆದರೂ ಸ್ಟೇರಿಂಗ್ ಸೊಟ್ಟ

ಗ್ಯಾರೇಜ್ ಕಟ್ಟೆ: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನಮ್ಮ ತಂದೆಯವರ 1999ರ ಮಾರುತಿ ಜೆನ್ ಈಗ ನನ್ನ ಹತ್ತಿರ ಇದೆ. ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ದಿನಾ ಬನಶಂಕರಿಯಿಂದ ಕೆಂಗೇರಿಗೆ ಅದರಲ್ಲೇ ಓಡಾಟ. ಹೋದ ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಎಡಗಡೆ ಹಿಂದಿನ ಚಕ್ರ ಧಡ್ ಅಂತ ಬಿತ್ತು. ಆಮೇಲಿಂದ ನೇರ ರಸ್ತೆಯಲ್ಲೂ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ತಿರುಗಿಕೊಂಡೇ ಇರುತ್ತದೆ. ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆ. ಪ್ರತಿ ಸಲ ಒಂದು ವಾರ ಸರಿ, ಮತ್ತೆ ಅದೇ ಕಥೆ. ಹಿಂದಿನ ಎಡ ಟೈರಿನ ಮೇಲೆ ಕೈಯಾಡಿಸಿದರೆ ಅಲೆ ಅಲೆಯಾಗಿ ಸಿಗುತ್ತದೆ. ಅಂಗಡಿಯಲ್ಲಿ ಕೇಳಿದರೆ "ಹಿಂದ್ಗಡೆ ಏನೂ ಅಡ್ಜಸ್ಟ್ ಮಾಡೋಕಾಗಲ್ಲ ಮೇಡಂ, ಹಳೇ ಗಾಡಿ, ಕೊಟ್ಬಿಡಿ" ಅಂದರು. ಕೊನೆಯ ಸಲದ ಅಲೈನ್‌ಮೆಂಟ್ ಅಳತೆಯ ಚೀಟಿ ಜೊತೆಗಿಟ್ಟಿದ್ದೇನೆ. ಮಾರಿಬಿಡಲಾ ಸಾರ್?
— ಶಿಕ್ಷಕಿ, ಬನಶಂಕರಿ

ಉತ್ತರ: ಮಾರಬೇಡಿ ಮೇಡಂ. ಚೀಟಿ ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಮುಕ್ಕಾಲು ಪಾಲು ಜನ "ಗಾಡಿ ಎಳೀತಿದೆ" ಅಂತ ಒಂದೇ ಸಾಲು ಬರೆದು ಕಳಿಸುತ್ತಾರೆ. ನಾನೇನು ಶಾಸ್ತ್ರ ಹೇಳಲಾ?

ಚೀಟಿಯ ಮೇಲ್ಭಾಗ, ಅಂದರೆ ಮುಂದಿನ ಚಕ್ರಗಳದ್ದು, ಎಲ್ಲ ಹಸಿರು. ಅಂಗಡಿಯ ಹುಡುಗ ಅಲ್ಲಿಗೇ ನಿಲ್ಲಿಸಿದ್ದಾನೆ. ನೀವು ಕೆಳಗೆ ಬನ್ನಿ. ಟೋ ಅಂದರೆ ಚಕ್ರದ ಮೂತಿ ನೇರದಿಂದ ಎಷ್ಟು ಒಳಕ್ಕೆ ಇಲ್ಲ ಹೊರಕ್ಕೆ ತಿರುಗಿದೆ ಅನ್ನೋ ಅಳತೆ. ಹಿಂದಿನ ಎಡ ಚಕ್ರದ ಟೋ ಮೈನಸ್ 13 ಮಿನಿಟು. ಬಲ ಚಕ್ರದ್ದು ಪ್ಲಸ್ 14. ಒಟ್ಟು ಟೋ ಪ್ಲಸ್ 1. ಈ ಒಟ್ಟು ಲೆಕ್ಕ ನೋಡಿ ಮಿಷನ್ನೂ ಹಸಿರು ತೋರಿಸಿದೆ, ಹುಡುಗನೂ ಖುಷಿಯಾಗಿದ್ದಾನೆ. ಒಬ್ಬ ಹುಡುಗ 13 ಅಂಕ ಕಳೆದುಕೊಂಡ, ಪಕ್ಕದವನು 14 ಜಾಸ್ತಿ ತೆಗೆದ, ಕ್ಲಾಸಿನ ಸರಾಸರಿ ಚೆನ್ನಾಗಿದೆ ಅಂತ ನೀವು ಸುಮ್ಮನಿರುತ್ತೀರಾ?

(ಇಲ್ಲಿ ಮಿನಿಟು ಅಂದರೆ ಗಡಿಯಾರದ್ದಲ್ಲ, ಡಿಗ್ರಿಯ 60ನೇ ಒಂದು ಭಾಗ. ಕೆಲವು ಮಿಷನ್ನು 0°13' ಅಂತ ಹಾಕುತ್ತವೆ, ಕೆಲವು 0.22 ಅಂತ ದಶಮಾಂಶದಲ್ಲಿ ಹಾಕುತ್ತವೆ. ಎರಡೂ ಒಂದೇ ಅಳತೆ. ಒಂದು ಅಂಗಡಿಯ 0.13ನ್ನು ಇನ್ನೊಂದು ಅಂಗಡಿಯ 0°13' ಜೊತೆ ಹೋಲಿಸಿ ಜಗಳಕ್ಕೆ ಹೋದವರನ್ನು ಕಣ್ಣಾರೆ ನೋಡಿದ್ದೇನೆ.)

ಮೈನಸ್ ಅಂದರೆ ಚಕ್ರದ ಮೂತಿ ಹೊರಕ್ಕೆ, ಪ್ಲಸ್ ಅಂದರೆ ಒಳಕ್ಕೆ. ಎಡ ಚಕ್ರ ಹೊರಕ್ಕೆ ಅಂದರೆ ಎಡಕ್ಕೆ ನೋಡುತ್ತಿದೆ. ಬಲ ಚಕ್ರ ಒಳಕ್ಕೆ ಅಂದರೆ ಅದೂ ಎಡಕ್ಕೇ ನೋಡುತ್ತಿದೆ. ಎರಡೂ ಹೆಚ್ಚುಕಡಿಮೆ ಒಂದೇ ಅಳತೆ. ಹಾಗಾದರೆ ಚಕ್ರ ಬಗ್ಗಿಲ್ಲ, ಆಕ್ಸಲ್ ಪೂರ್ತಿಯಾಗಿ ತಿರುಗಿ ಕೂತಿದೆ. ಎರಡರ ವ್ಯತ್ಯಾಸದಲ್ಲಿ ಅರ್ಧ ತೆಗೆದರೆ ಹದಿಮೂರುವರೆ ಮಿನಿಟು. ಇದಕ್ಕೆ ಥ್ರಸ್ಟ್ ಆ್ಯಂಗಲ್ ಅನ್ನುತ್ತಾರೆ. ನಿಮ್ಮ ಗಾಡಿಯ ಹಿಂಭಾಗ ಅಷ್ಟು ಎಡಕ್ಕೆ ಹೋಗಬೇಕು ಅನ್ನುತ್ತಿದೆ. ಮುಂದಿನ ಚಕ್ರಗಳನ್ನೂ ಅಷ್ಟೇ ಎಡಕ್ಕೆ ತಿರುಗಿಸಿ ಹಿಡಿದರೆ ಮಾತ್ರ ಗಾಡಿ ನೇರ ಹೋಗುತ್ತದೆ. ಅದಕ್ಕೇ ಸ್ಟೇರಿಂಗ್ ಎಡಕ್ಕೆ.

ಒಂದು ಚಕ್ರದ್ದು ಮಾತ್ರ ಕೆಟ್ಟು ಇನ್ನೊಂದು ಸೊನ್ನೆಯ ಹತ್ತಿರ ಇದ್ದಿದ್ದರೆ ನಾನು ಬೇರೆ ಉತ್ತರ ಬರೆಯುತ್ತಿದ್ದೆ. ಆಗ ಆ ಕಡೆಯ ಆಕ್ಸಲ್ ತುದಿ ಬಗ್ಗಿದೆ, ಇಲ್ಲ ರಿಮ್ ಬಗ್ಗಿದೆ, ಇಲ್ಲ ಬೇರಿಂಗ್ ಆಡುತ್ತಿದೆ ಅಂತ ಲೆಕ್ಕ.

ಈಗ "ಅಡ್ಜಸ್ಟ್ ಮಾಡೋಕಾಗಲ್ಲ" ಅನ್ನೋ ಮಾತು. ನಿಜವೇ. ನಿಮ್ಮ ಜೆನ್ನಿನಲ್ಲಿ ಹಿಂದುಗಡೆ ಇರುವುದು ಒಂದೇ ಗಟ್ಟಿ ಆಕ್ಸಲ್, ಅದರ ಎರಡು ತುದಿಗೆ ಎರಡು ಚಕ್ರ. ಹಿಂದೆ ಮುಂದೆ ಹೋಗದ ಹಾಗೆ ಅದನ್ನು ಹಿಡಿದಿರುವುದು ಎರಡು ಟ್ರೇಲಿಂಗ್ ಆರ್ಮ್. ಪಕ್ಕಕ್ಕೆ ಜಾರದ ಹಾಗೆ ಹಿಡಿದಿರುವುದು ಅಡ್ಡಕ್ಕಿರುವ ಒಂದು ಲ್ಯಾಟರಲ್ ರಾಡ್. ಕಾಯಿಲ್ ಸ್ಪ್ರಿಂಗ್‌ಗೆ ಭಾರ ಹೊರೋದು ಬಿಟ್ಟರೆ ಬೇರೆ ಕೆಲಸ ಇಲ್ಲ. ಟೋ ತಿರುಗಿಸುವ ಬೋಲ್ಟು ಎಲ್ಲೂ ಇಲ್ಲ. ಆದರೆ ಮೇಡಂ, ತಿರುಗಿಸುವ ಬೋಲ್ಟೇ ಇಲ್ಲದ ಕಡೆ ಅಳತೆ ಬದಲಾಗಿದೆ ಅಂದರೆ ಏನೋ ಸವೆದಿದೆ ಇಲ್ಲ ಬಗ್ಗಿದೆ ಅಂತ ತಾನೇ ಅರ್ಥ? ಅದನ್ನು ಹುಡುಕೋದು ಬಿಟ್ಟು ಮೂರು ಸಲ ಮುಂದಿನ ಟೈ ರಾಡ್ (ಸ್ಟೇರಿಂಗಿನಿಂದ ಮುಂಚಕ್ರಕ್ಕೆ ಹೋಗುವ ಕಂಬಿ) ತಿರುಗಿಸಿ ಕಾಸು ತಗೊಂಡಿದ್ದಾರೆ. ಸೊಂಟ ನೋವು ಅಂದವರಿಗೆ ಕನ್ನಡಕ ಬದಲಾಯಿಸಿದ ಹಾಗೆ.

ಸವೆತವೋ ಬಾಗೋ? ಇದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. "ಒಂದು ವಾರ ಸರಿ" ಅಂದಿದ್ದೀರಿ. ಬಗ್ಗಿದ ಕಬ್ಬಿಣ ಬಗ್ಗಿದ ಹಾಗೇ ಇರುತ್ತದೆ. ಅದಕ್ಕೆ ಹೊಂದುವಂತೆ ಮುಂದಿನದನ್ನು ಒಂದು ಸಲ ಕೂರಿಸಿದರೆ ಸ್ಟೇರಿಂಗ್ ತಿಂಗಳುಗಟ್ಟಲೆ ನೆಟ್ಟಗಿರುತ್ತದೆ, ಗಾಡಿ ಅಡ್ಡಡ್ಡ ಹೋದರೂ ಸರಿ. ವಾರಕ್ಕೆ ಮತ್ತೆ ಸೊಟ್ಟ ಆಗುತ್ತಿದೆ ಅಂದರೆ ಏನೋ ಓಡಾಡುತ್ತಿದೆ. ಅಲ್ಲಿ ಓಡಾಡೋಕೆ ಸಾಧ್ಯ ಇರೋದು ಬುಷ್ ಮಾತ್ರ, ಅಂದರೆ ಆರ್ಮ್ ಮತ್ತು ರಾಡಿನ ತುದಿಯಲ್ಲಿ ಬೋಲ್ಟಿನ ಸುತ್ತ ಕೂತಿರುವ ರಬ್ಬರ್. ನನ್ನ ಅನುಮಾನ ಎಡ ಟ್ರೇಲಿಂಗ್ ಆರ್ಮಿನ ಬುಷ್ ಮೇಲೆ. ಗುಂಡಿಯ ಏಟಿಗೆ ರಬ್ಬರ್ ಹರಿದು ಆಕ್ಸಲಿನ ಎಡ ತುದಿ ಹಿಂದಕ್ಕೆ ಸರಿದಿದೆ. ಎಷ್ಟು ಸರಿದಿದೆ ಅಂತ ನೀವೇ ಟ್ಯಾನ್ ಹಾಕಿ ನೋಡಿ. ಎರಡು ಹಿಂದಿನ ಚಕ್ರಗಳ ನಡುವೆ ಸುಮಾರು 1300 ಮಿ.ಮೀ. ಅಂತ ಇಟ್ಟುಕೊಳ್ಳಿ, ಕೋನ 0.225 ಡಿಗ್ರಿ. ಉತ್ತರ 5 ಮಿ.ಮೀ. ಬರುತ್ತದೆ. ಕಿರುಬೆರಳ ಉಗುರಿನ ಅರ್ಧದಷ್ಟು. ಅಷ್ಟಕ್ಕೇ ಇಷ್ಟು ಗೋಳು.

ನನ್ನ ಮಾತು ನಂಬಿ ದುಡ್ಡು ಹಾಕಬೇಡಿ. ಮನೆಯಲ್ಲೇ ನೋಡಿಕೊಳ್ಳಿ. ಮೊದಲು ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ, ಡಿಕ್ಕಿ ಖಾಲಿ ಮಾಡಿ. ಹಿಂದೆ ಎರಡೂ ಟೈರ್ ಒಂದೇ ಸೈಜಾ ಅಂತ ಸೈಡಿನಲ್ಲಿ ಬರೆದಿರೋದನ್ನ ಓದಿ. ನಗಬೇಡಿ, ಸ್ಟೆಪ್ನಿ ಹಾಕಿ ಮರೆತವರು ಬೇಕಾದಷ್ಟು ಜನ ಇದ್ದಾರೆ.

ಆಮೇಲೆ ಹ್ಯಾಂಡ್‌ಬ್ರೇಕ್ ಪರೀಕ್ಷೆ. ಭಾನುವಾರ ಬೆಳಿಗ್ಗೆ ಓಡಾಟ ಇಲ್ಲದ ಮಟ್ಟಸ ಜಾಗದಲ್ಲಿ ಗಾಡಿ ನಿಲ್ಲಿಸಿ. ಮನೆಯವರೊಬ್ಬರು ಎಡಗಡೆ, ಒಂದೆರಡು ಮಾರು ದೂರ ಕೂತು ಹಿಂದಿನ ಚಕ್ರ ಮತ್ತು ಅದರ ಮೇಲಿನ ಮಡ್‌ಗಾರ್ಡ್ ಕಮಾನಿನ ನಡುವಿನ ಸಂದು ನೋಡುತ್ತಿರಲಿ. ನೀವು ನಡಿಗೆಯಷ್ಟೇ ನಿಧಾನವಾಗಿ ಮುಂದೆ ಹೋಗುತ್ತಾ ಹ್ಯಾಂಡ್‌ಬ್ರೇಕ್ ಎಳೆಯಿರಿ. ಹಾಗೇ ಹಿಂದಕ್ಕೆ ಬರುತ್ತಾ ಒಂದು ಸಲ ಎಳೆಯಿರಿ. ಜೆನ್ನಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನೇ. ಮುಂದೆ ಹೋಗುವಾಗ ಆಕ್ಸಲ್ ಹಿಂದಕ್ಕೆ ಜಗ್ಗುತ್ತದೆ, ಹಿಂದೆ ಬರುವಾಗ ಮುಂದಕ್ಕೆ. ಬುಷ್ ಗಟ್ಟಿ ಇದ್ದರೆ ಚಕ್ರ ಸ್ವಲ್ಪ ಮಿಸುಕಾಡುತ್ತದೆ ಅಷ್ಟೆ. ಹರಿದಿದ್ದರೆ ಚಕ್ರ ಕಮಾನಿನೊಳಗೆ ಕಣ್ಣಿಗೆ ಕಾಣುವ ಹಾಗೆ ಹಿಂದೆ ಮುಂದೆ ಜಾರುತ್ತದೆ, ಜೊತೆಗೆ ಟಕ್ ಅಂತ ಸದ್ದು. ಬಲಗಡೆಗೂ ಇದೇ ಮಾಡಿ, ಎರಡನ್ನೂ ಹೋಲಿಸಿ.

ಅಳತೆಯೇ ಬೇಕು ಅಂದರೆ ಗಾರೆಯವರ ಹತ್ತಿರ ಒಂದು ತೂಗುಗುಂಡು ಇಸ್ಕೊಳ್ಳಿ. ಸೀಮೆಸುಣ್ಣ ಹೇಗೂ ನಿಮ್ಮ ಬ್ಯಾಗಿನಲ್ಲೇ ಇರುತ್ತದೆ. ಸಿಮೆಂಟ್ ನೆಲದ ಮೇಲೆ, ಚಕ್ರಗಳು ನೆಟ್ಟಗಿರುವ ಹಾಗೆ ಗಾಡಿಯನ್ನು ಹತ್ತಡಿ ಮುಂದೆ ತಳ್ಳಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಬೇಡಿ, ಚಕ್ರಕ್ಕೆ ಕಲ್ಲು ಕೊಡಿ. ನಾಲ್ಕೂ ಚಕ್ರದ ನಟ್ಟನಡುವಿನಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ. ಗಾಡಿ ಆಚೆ ತಳ್ಳಿ. ರಂಗೋಲಿ ಚುಕ್ಕಿ ಇಟ್ಟ ಹಾಗೆ ನಾಲ್ಕು ಗುರುತು ಉಳಿಯುತ್ತವೆ. ಜೆನ್ನಿನ ವೀಲ್‌ಬೇಸ್, ಅಂದರೆ ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಇರುವ ದೂರ, 2335 ಮಿ.ಮೀ. ಬಲಗಡೆ ಅದರ ಆಸುಪಾಸು ಬಂದು ಎಡಗಡೆ 5 ಮಿ.ಮೀ. ಜಾಸ್ತಿ ಬಂದರೆ ನನ್ನ ಅನುಮಾನ ನಿಜ. ಮೂಲೆಯಿಂದ ಮೂಲೆಗೂ ಅಳೆಯಿರಿ. ಎರಡು ಪಕ್ಕದ ಅಳತೆ ಸಮ ಇದ್ದು ಮೂಲೆ ಅಳತೆಗಳು ಮಾತ್ರ ಬೇರೆ ಆದರೆ ಆಕ್ಸಲ್ ತಿರುಗಿಲ್ಲ, ಇಡಿಯಾಗಿ ಪಕ್ಕಕ್ಕೆ ಸರಿದಿದೆ. ಆಗ ಲ್ಯಾಟರಲ್ ರಾಡಿನ ಬುಷ್ ನೋಡಬೇಕು.

ಒಂದು ಎಚ್ಚರಿಕೆ. ಎಡ ವೀಲ್‌ಬೇಸ್ ಉದ್ದ ಬಂದ ಮಾತ್ರಕ್ಕೆ ತಪ್ಪು ಹಿಂದಿನದ್ದೇ ಅಂತಲ್ಲ, ಎಡ ಮುಂಚಕ್ರ ಮುಂದಕ್ಕೆ ಬಂದಿದ್ದರೂ ಹಾಗೇ ಬರುತ್ತದೆ. ನಿಮ್ಮ ಚೀಟಿಯಲ್ಲಿ ಹಿಂದಿನ ಟೋ ಸ್ಪಷ್ಟ ಇರೋದರಿಂದ ನಾನು ಧೈರ್ಯವಾಗಿ ಹೇಳುತ್ತಿದ್ದೇನೆ.

ಕೆಲವರು ಗಾಡಿಯ ಪಕ್ಕಕ್ಕೆ ದಾರ ಕಟ್ಟಿ, ರಿಮ್ಮಿನ ಮುಂದಿನ ಅಂಚು ಹಿಂದಿನ ಅಂಚು ಅಳೆಯುತ್ತಾರೆ. ಒಳ್ಳೆಯ ವಿಧಾನವೇ, ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಆದರೆ 13 ಇಂಚಿನ ರಿಮ್ಮಿನಲ್ಲಿ 1 ಮಿ.ಮೀ. ವ್ಯತ್ಯಾಸ ಅಂದರೆ ಸುಮಾರು 10 ಮಿನಿಟು. ನಿಮ್ಮದು ಒಂದೂ ಕಾಲು ಮಿ.ಮೀ. ಆಸುಪಾಸು ಆಯಿತು. ದರ್ಜಿ ಟೇಪಿನಲ್ಲಿ ಅದು ಸಿಗಲ್ಲ. ಬಗ್ಗಿದ ಚಕ್ರ ಹಿಡಿಯೋಕೆ ದಾರ ಸರಿ, ತಿರುಗಿದ ಆಕ್ಸಲಿಗೆ ನೆಲದ ಗುರುತೇ ವಾಸಿ. ದಾರ ಕಟ್ಟಿ ಅಳೆದವರು ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಬೇಕು. ತಪ್ಪು ಚಕ್ರದ ಜೊತೆ ಸುತ್ತಿದರೆ ರಿಮ್ ಬಗ್ಗಿದೆ. ಇದ್ದಲ್ಲೇ ಇದ್ದರೆ ಆಕ್ಸಲ್. ಈ ಅರ್ಧ ಸುತ್ತು ಮರೆತು ನಾನು ಒಂದು ಸಲ ಚೆನ್ನಾಗಿ ಕೆಟ್ಟೆ.

ಆ ಕಥೆ ಹೇಳಿಬಿಡುತ್ತೇನೆ. ತೊಂಬತ್ತರ ದಶಕ, ಶ್ರೀನಗರದಲ್ಲಿ ನನ್ನ ಗ್ಯಾರೇಜು. ಡಾಕ್ಟರೊಬ್ಬರ ಮಾರುತಿ 800 ಬಂತು. ಹಿಂದಿನ ಬಲ ಟೈರ್ ಒಳಗಡೆ ತಿಂದುಹೋಗಿತ್ತು. ದಾರ ಕಟ್ಟಿದೆ, ಅಳೆದೆ, ಆಕ್ಸಲ್ ಬೆಂಡು ಅಂತ ತೀರ್ಪು ಕೊಟ್ಟೆ. ಶಿವಾಜಿನಗರದ ಗುಜರಿಯಲ್ಲಿ ಒಂದು ಆಕ್ಸಲ್ ಹಿಡಿದು, ಆಟೋದಲ್ಲಿ ಅಡ್ಡ ಹಾಕಿಕೊಂಡು ತಂದು, ರಾತ್ರಿ ಒಂಬತ್ತರವರೆಗೆ ಕೂತು ಹಾಕಿದೆ. ಬೆಳಿಗ್ಗೆ ಅಳೆದರೆ ಮೊದಲಿಗಿಂತ ಕೆಟ್ಟದಾಗಿತ್ತು! ಎರಡೂ ಆಕ್ಸಲ್‌ಗಳನ್ನು ಕಾಮಾಕ್ಷಿಪಾಳ್ಯದ ಒಂದು ಲೇತ್ ಅಂಗಡಿಗೆ ಹೊತ್ತುಕೊಂಡು ಹೋಗಿ ತೋರಿಸಿದೆ. ಗುಜರಿಯದ್ದು ಬಗ್ಗಿತ್ತು. ಡಾಕ್ಟರದ್ದು ನೆಟ್ಟಗಿತ್ತು. ಬಗ್ಗಿದ್ದು ಅವರ ರಿಮ್ಮು. ಲೇತಿನ ಯಜಮಾನರು ಏನೂ ಅನ್ನಲಿಲ್ಲ, ಒಂದು ಟೀ ತರಿಸಿಕೊಟ್ಟರು. ಅದೇ ಜಾಸ್ತಿ ಚುಚ್ಚಿತು. ಡಾಕ್ಟರ ಹತ್ತಿರ ರಿಮ್ಮಿನ ಕಾಸು ಮಾತ್ರ ತಗೊಂಡೆ. ಆ ಬಾಗಿದ ಆಕ್ಸಲ್ ಗ್ಯಾರೇಜು ಮುಚ್ಚುವವರೆಗೂ ಬಾಗಿಲ ಪಕ್ಕದಲ್ಲೇ ಇತ್ತು, ಹುಡುಗರು ಅದರ ಮೇಲೆ ಕೂತು ಊಟ ಮಾಡುತ್ತಿದ್ದರು.

ಇನ್ನು ನಿಮ್ಮ ಅಲೆ ಅಲೆ ಟೈರು. ಇದು ಬೇರೆ ಕಾಯಿಲೆ. ಆಕ್ಸಲ್ ಪೂರ್ತಿ ತಿರುಗಿದರೆ ಎರಡು ಹಿಂಚಕ್ರವೂ ಒಂದೇ ದಿಕ್ಕಿಗೆ ಉರುಳುತ್ತವೆ, ಅದರಿಂದ ಟೈರು ಅಷ್ಟಾಗಿ ಸವೆಯಲ್ಲ. ಅಲೆಯಾಗಿ ತಿಂದಿದೆ ಅಂದರೆ ಚಕ್ರ ಕುಣಿಯುತ್ತಿದೆ. ಎಡ ಹಿಂದಿನ ಶಾಕ್ ಅಬ್ಸಾರ್ಬರ್ ಕೈಕೊಟ್ಟಿದೆ ಅನ್ನಿಸುತ್ತದೆ, ಅದೇ ಗುಂಡಿಯ ಪ್ರಸಾದ. ಡಿಕ್ಕಿಯ ಎಡ ಮೂಲೆ ಜೋರಾಗಿ ಒತ್ತಿ ಬಿಡಿ. ಒಂದು ಸಲ ಮೇಲೆದ್ದು ಕೂತರೆ ಸರಿ, ಎರಡು ಮೂರು ಸಲ ತೂಗಿದರೆ ಹೋಗಿದೆ. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಸೋರಿ ಧೂಳು ಮೆತ್ತಿದ್ದರೆ ಒತ್ತಿ ನೋಡುವುದೂ ಬೇಡ. ಬೇರಿಂಗನ್ನೂ ನೋಡಿಸಿ. ಚಕ್ರ ಎತ್ತಿ ಟೈರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಟಕ ಟಕ ಅನ್ನಬಾರದು. ಇದನ್ನು ಮೆಕ್ಯಾನಿಕ್ ಹತ್ತಿರ ಮಾಡಿಸಿ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ.

ಕೆಲಸಕ್ಕೆ ಕೊಡುವಾಗ ಹೀಗೆ ಹೇಳಿ. ಟ್ರೇಲಿಂಗ್ ಆರ್ಮ್ ಬುಷ್ ಎರಡೂ ಕಡೆ ಬದಲಾಯಿಸಲಿ, ಒಂದೇ ಕಡೆ ಬೇಡ. ಲ್ಯಾಟರಲ್ ರಾಡಿನ ಬುಷ್ಷೂ, ಶಾಕ್ ಅಬ್ಸಾರ್ಬರ್ ಜೋಡಿಯೂ ಅದರ ಜೊತೆಗೇ ಆಗಲಿ. ಸಾಮಾನು ಜೆ.ಸಿ. ರಸ್ತೆಯಲ್ಲಿ ಕೇಳಿ ನೋಡಿ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬೋಲ್ಟುಗಳು ತುಕ್ಕು ಹಿಡಿದು ಬುಷ್ಷಿನೊಳಗೆ ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಲು ಹೇಳಿ, ಇಲ್ಲದಿದ್ದರೆ ಗ್ರೈಂಡರ್ ಹಿಡಿಯಬೇಕಾಗುತ್ತದೆ.

ಇದೊಂದು ಮಾತ್ರ ಮರೆಯಬೇಡಿ: ಬುಷ್ಷಿನ ಬೋಲ್ಟುಗಳನ್ನು ಕೊನೆಯ ಬಿಗಿ ಮಾಡುವಾಗ ಗಾಡಿ ತನ್ನ ಭಾರದಲ್ಲಿ, ಚಕ್ರದ ಮೇಲೆ ನಿಂತಿರಬೇಕು. ಚಕ್ರ ತೂಗಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ. ಬಟ್ಟೆ ಹಿಂಡಿ ಹಾಗೇ ಬಿಟ್ಟ ಹಾಗೆ. ಸ್ವಲ್ಪ ದಿನಕ್ಕೇ ಹರಿಯುತ್ತದೆ. ಅರ್ಜೆಂಟಿನಲ್ಲಿ ಇದನ್ನು ತಪ್ಪಿಸುವವರೇ ಜಾಸ್ತಿ.

ಆರ್ಮ್ ಬಿಚ್ಚಿದಾಗ ಅದು ಬಾಡಿಗೆ ಸೇರುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಲಿ. ಇಷ್ಟು ವರ್ಷದ ಗಾಡಿ, ತುಕ್ಕು ಇರಬಹುದು. ಸ್ಕ್ರೂಡ್ರೈವರ್ ಒಳಗೆ ಹೋಯಿತು ಅಂದರೆ ಬುಷ್ಷಿನ ಮಾತು ಆಮೇಲೆ, ಮೊದಲು ವೆಲ್ಡಿಂಗ್. ಅದಾಗುವವರೆಗೆ ಕೆಂಗೇರಿಗೆ ಬಸ್ಸಿನಲ್ಲಿ ಹೋಗಿ.

ಇಷ್ಟೆಲ್ಲ ಆದಮೇಲೆ ಅಲೈನ್‌ಮೆಂಟ್. ನಾಲ್ಕೂ ಚಕ್ರಕ್ಕೆ ಮಿಷನ್ ಹಾಕಿಸಿ. ಹಿಂದಿನ ಎಡ, ಹಿಂದಿನ ಬಲ ಎರಡನ್ನೂ ಬೇರೆ ಬೇರೆ ಓದಿ. ಹೊಸ ಚೀಟಿ ಕಳಿಸಿಕೊಡಿ, ನೋಡೋಣ.

ಪ್ರಶ್ನೆ: ನಮ್ಮ ಮಾವನವರ ಹಳೇ ಅಂಬಾಸಿಡರ್. ಹಿಂದೆ ಬರುವವರು "ಗಾಡಿ ಅಡ್ಡಡ್ಡ ಹೋಗ್ತಿದೆ" ಅಂತಾರೆ. ಆಕ್ಸಿಲರೇಟರ್ ಒತ್ತಿದರೆ ಒಂದು ಕಡೆ, ಬ್ರೇಕ್ ಒತ್ತಿದರೆ ಇನ್ನೊಂದು ಕಡೆ ಎಳೆಯುತ್ತದೆ.
— ಓದುಗರು, ಮಲ್ಲೇಶ್ವರ

ಉತ್ತರ: ಹೆಚ್ಚು ಯೋಚನೆ ಬೇಡ, ಯು ಬೋಲ್ಟ್ ಮತ್ತು ಸೆಂಟರ್ ಬೋಲ್ಟ್ ನೋಡಿಸಿ. ಅಂಬಾಸಿಡರಿನ ಹಿಂದಿನ ಆಕ್ಸಲ್ ಲೀಫ್ ಸ್ಪ್ರಿಂಗಿಗೆ, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿಗೆ, ಕಟ್ಟಿಕೊಂಡಿರುತ್ತದೆ. ಪಟ್ಟಿಗಳನ್ನು ಜೋಡಿಸುವ ಸೆಂಟರ್ ಬೋಲ್ಟಿನ ತಲೆ ಒಂದು ತೂತಿನಲ್ಲಿ ಕೂತು ಆಕ್ಸಲ್ ಜರುಗದ ಹಾಗೆ ನೋಡಿಕೊಳ್ಳುತ್ತದೆ. ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿದು ಹಿಡಿಯುವ ಯು ಬೋಲ್ಟ್ ಸಡಿಲ ಆದರೆ ಪೂರ್ತಿ ಭಾರ ಆ ಸಣ್ಣ ಬೋಲ್ಟಿನ ಮೇಲೆ ಬಿದ್ದು ಅದು ತುಂಡಾಗುತ್ತದೆ. ಆಮೇಲೆ ಆಕ್ಸಲಿನ ಆ ತುದಿಗೆ ಲಂಗುಲಗಾಮಿಲ್ಲ. ಇದು ಹಿಂದಿನ ಚಕ್ರ ತಳ್ಳುವ ಗಾಡಿ ನೋಡಿ, ಆಕ್ಸಿಲರೇಟರ್ ಕೊಟ್ಟರೆ ಆ ತುದಿ ಮುಂದಕ್ಕೆ, ಬ್ರೇಕ್ ಹಾಕಿದರೆ ಹಿಂದಕ್ಕೆ. ನೀವು ಬರೆದ ಎರಡು ಕಡೆಯ ಎಳೆತ ಅದೇ. ಯು ಬೋಲ್ಟಿನ ಪಕ್ಕದಲ್ಲಿ ಹೊಳೆಯುವ ಉಜ್ಜಿದ ಗುರುತು ಅಥವಾ ಕೆಂಪು ತುಕ್ಕಿನ ಪುಡಿ ಕಂಡರೆ ಅಲ್ಲಿಗೆ ಸಿಕ್ಕಿತು. ಅಲ್ಲಿಯವರೆಗೆ ಮಾವನವರ ಕೈಗೆ ಕೀ ಕೊಡಬೇಡಿ.

ಪ್ರಶ್ನೆ: ಹಳೇ ಇಂಡಿಕಾ ತಗೊಂಡಿದ್ದೇನೆ. ಹಿಂದಿನಿಂದ ನೋಡಿದರೆ ಎರಡು ಚಕ್ರವೂ ಮೇಲೆ ಒಳಕ್ಕೆ, ಕೆಳಗೆ ಹೊರಕ್ಕೆ ವಾಲಿವೆ. ಆಕ್ಸಲ್ ಬಗ್ಗಿದೆಯಾ ಅಣ್ಣಾ?
— ಓದುಗರು, ಯಲಹಂಕ

ಉತ್ತರ: ಬಗ್ಗೋಕೆ ಅಲ್ಲಿ ಆಕ್ಸಲ್ಲೇ ಇಲ್ಲ ತಮ್ಮಾ. ಇಂಡಿಕಾದ ಹಿಂಚಕ್ರಗಳು ಒಂದೊಂದೂ ತನ್ನದೇ ಸೆಮಿ ಟ್ರೇಲಿಂಗ್ ಆರ್ಮಿನ ಮೇಲಿವೆ. ಹಿಂದೆ ಮೂರು ಜನ ಕೂತು, ಡಿಕ್ಕಿಗೆ ಸಾಮಾನು ತುಂಬಿದರೆ ಗಾಡಿ ತಗ್ಗುತ್ತದೆ. ತಗ್ಗಿದಾಗ ಚಕ್ರ ಏಣಿಯ ಕಾಲಿನ ಹಾಗೆ ಅಗಲಿಸಿಕೊಳ್ಳೋದು ಅದರ ಹುಟ್ಟುಗುಣ. ಖಾಲಿ ಗಾಡಿಯಲ್ಲೂ ಜೋರಾಗಿ ವಾಲಿದ್ದರೆ ಸ್ಪ್ರಿಂಗ್ ಕುಗ್ಗಿದೆ. ಚಕ್ರದ ನಡುವಿನಿಂದ ಕಮಾನಿನ ಅಂಚಿಗೆ ಎರಡೂ ಕಡೆ ಅಳೆದು ನೋಡಿ. ಎರಡೂ ಸಮವಾಗಿದ್ದು, ಒಂದೇ ಚಕ್ರ ಜಾಸ್ತಿ ವಾಲಿದ್ದರೆ ಆ ಕಡೆ ಆರ್ಮಿನ ಬುಷ್ ನೋಡಿಸಿ. ಟೈರಿನ ಒಳ ಅಂಚನ್ನು ತಿಂಗಳಿಗೊಮ್ಮೆ ಬಗ್ಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೊರಗಿನಿಂದ ಹೊಸದರ ಹಾಗೆ ಕಾಣುವ ಟೈರಿಗೆ ಒಳಗಡೆ ತಂತಿ ಬಂದಿರುತ್ತದೆ.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಟೈರ್ ಒಂದೇ ಕಡೆ ಸವೆಯುವುದು ನಿಲ್ಲುತ್ತದಾ?
— ಓದುಗರು, ಎಚ್.ಎಸ್.ಆರ್. ಲೇಔಟ್

ಉತ್ತರ: ಇಲ್ಲ. ಸುಮ್ನೆ ಸಿಗೋ ಗಾಳಿಯಲ್ಲೂ ನೂರಕ್ಕೆ 78 ಪಾಲು ನೈಟ್ರೋಜನ್ನೇ ಇದೆ.